ಹಾಲು ಕಾಯಿಸುವುದನ್ನು ಕಲಿಯಲು ಡೆನ್ಮಾರ್ಕಿಗೆ

ಮೂಡಲಪಾಳ್ಯ

ಆಗುವುದೇ ಇಲ್ಲ ಎಂದು ಮೊದಲು ಹೇಳಿದವನು ನನ್ನ ಸೋದರಮಾವ ಚನ್ನಪ್ಪ. ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ, ಹಸುವಿನ ಮಗ್ಗುಲಲ್ಲಿ ಕುಕ್ಕರುಗಾಲಲ್ಲಿ ಕೂತು, ಹಾಲು ಕರೆಯುವ ಕೈ ನಿಲ್ಲಿಸದೆಯೇ ಹೇಳಿದ.

"ಹಾಲು ಕಾಯ್ಸೋದು ಕಲಿಯೋಕೆ ಯಾರಾದ್ರೂ ವಿಮಾನ ಹತ್ತುತಾರೇನೇ ಮಂಜಿ? ನಿಮ್ಮ ಕಂಪ್ನಿಯೋರು ಆಟ ಆಡಿಸ್ತಾವ್ರೆ. ನಿನ್ನ ಕಳ್ಸಲ್ಲ. ಕಳ್ಸಿದ್ರೂ ನೀನು ಪಾಸಾಗಲ್ಲ, ಬರ್ದಿಟ್ಕೊ."

"ಯಾಕ್ ಪಾಸಾಗಲ್ಲ?"

"ಅವ್ರು ಇಂಗ್ಲಿಷಲ್ಲಿ ಬೈದ್ರೆ ನಿಂಗೆ ಬೈದಿದ್ದು ಅಂತ ಗೊತ್ತಾಗೋ ಹೊತ್ಗೆ ಕೋರ್ಸೇ ಮುಗಿದಿರ್ತದೆ ಕಣೇ!"

ಅವ್ವ ಒಳಗಿನಿಂದ, "ಹಾಲು ಕರೆಯೋವಾಗ ಬಾಯಿ ಮುಚ್ಕೊಂಡ್ ಕರೆಯೋ, ಎಂಜಲು ಬೀಳ್ತದೆ" ಎಂದಳು. ಅವಳು ನನ್ನ ಪರ ವಹಿಸುತ್ತಿದ್ದುದೇ ಹೀಗೆ.

ಮೈಸೂರು ರಸ್ತೆಯಲ್ಲಿ ಮೆಟ್ರೊ ಕಂಬಗಳಿನ್ನೂ ಏಳದಿದ್ದ ಕಾಲದ ಮಾತಿದು. ಕೆಂಗೇರಿಯಾಚೆಯ ಒಂದು ಖಾಸಗಿ ಡೇರಿಯ ಲ್ಯಾಬಿನಲ್ಲಿ ನಾನು ಹಾಲು ಪರೀಕ್ಷೆ ಮಾಡುತ್ತಿದ್ದೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಕನ್ನಡ ಮಾಧ್ಯಮದಿಂದ ಡೇರಿ ಕಾಲೇಜಿಗೆ ಹೋದವಳು, ಎಂಜಿನಿಯರಿಂಗ್ ಡ್ರಾಯಿಂಗ್ ಪತ್ರಿಕೆಯನ್ನು ಮೂರು ಸಲ ಬರೆದು ಪಾಸಾದವಳು. ಅದನ್ನು ಮುಚ್ಚಿಟ್ಟಿದ್ದೂ ಇಲ್ಲ.

ಡೇರಿಗೆ ಡೆನ್ಮಾರ್ಕಿನಿಂದ ಹೊಸ ಪಾಶ್ಚರೀಕರಣ ಯಂತ್ರ ಬರುವುದಿತ್ತು. ಹಾಲನ್ನು ಕುದಿಸುವ ಯಂತ್ರವಲ್ಲ ಅದು. ಎಪ್ಪತ್ತೆರಡು ಡಿಗ್ರಿಗೆ ಬಿಸಿ ಮಾಡಿ, ಹದಿನೈದು ಸೆಕೆಂಡು ಅಷ್ಟೇ ಬಿಸಿಯಲ್ಲಿಟ್ಟು, ತಕ್ಷಣ ತಣ್ಣಗೆ ಮಾಡುವುದು. ರೋಗ ತರುವ ಕ್ರಿಮಿ ಸಾಯಬೇಕು, ಹಾಲು ಹಾಲಾಗಿಯೇ ಉಳಿಯಬೇಕು. ಅದನ್ನು ನಡೆಸಲು ಅಲ್ಲಿಗೇ ಹೋಗಿ ಮೂರು ವಾರ ಕಲಿತು ಸರ್ಟಿಫಿಕೇಟು ತರಬೇಕು. ತಂದವರಿಗೆ ಯಂತ್ರದ ಉಸ್ತುವಾರಿ. ತರದಿದ್ದರೆ ಮತ್ತೆ ಲ್ಯಾಬಿನ ಸೀಸೆ ತೊಳೆಯುವುದು. ಮ್ಯಾನೇಜರು ಅಷ್ಟೇ ಹೇಳಿದ್ದು.

ನನಗಿಂತ ಹಿರಿಯರು ಇಬ್ಬರಿದ್ದರು. ಒಬ್ಬರಿಗೆ ತಂಗಿಯ ಮದುವೆ, ಇನ್ನೊಬ್ಬರಿಗೆ ಪಾಸ್‌ಪೋರ್ಟ್ ಇರಲಿಲ್ಲ. ನನ್ನ ಬಳಿ ಇತ್ತು. ಎಲ್ಲಿಗೂ ಹೋಗುವುದಿಲ್ಲದಿದ್ದರೂ ಎರಡು ವರ್ಷ ಮೊದಲೇ ಮಾಡಿಸಿಟ್ಟಿದ್ದೆ. ವಿಚಾರಣೆಗೆ ಬಂದ ಪೊಲೀಸಿನವರು "ಎಲ್ಲಿಗಮ್ಮ ಹೋಗ್ತೀಯ?" ಎಂದಾಗ, "ಗೊತ್ತಿಲ್ಲ ಸಾರ್, ಆದ್ರೆ ಹೋಗ್ತೀನಿ" ಎಂದಿದ್ದೆ.

ಒಂದು ವಿಷಯ ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ಎರಡು ಹಸು ಕಟ್ಟಿಕೊಂಡು ಪಕ್ಕದ ವಿಜಯನಗರದ ಮನೆಗಳಿಗೆ ವರ್ತನೆಯ ಹಾಲು ಹಾಕುತ್ತಿದ್ದಳು. ನಾನು ಹಿಂದೆ ಅಳತೆಯ ಪಾವು ಹಿಡಿದು ಹೋಗುತ್ತಿದ್ದೆ. ಹಾಲು ಅಳೆದು ಹಾಕಿದ ಮೇಲೆ ಪ್ರತಿ ಬಾಗಿಲಲ್ಲೂ ಅವ್ವನದು ಒಂದೇ ಮಾತು: "ಕಾಯ್ಸಿ ಕುಡೀರಿ ಆಂಟಿ." ಕೆಲವರು ತಲೆಯಾಡಿಸುತ್ತಿದ್ದರು, ಕೆಲವರು "ಗೊತ್ತು ಹೋಗಮ್ಮ" ಎನ್ನುತ್ತಿದ್ದರು. ಒಂದು ಮನೆಯಲ್ಲಿ ಯಾರೋ ಅವಸರದಲ್ಲಿ ಹಸಿ ಹಾಲನ್ನೇ ಮಗುವಿಗೆ ಕುಡಿಸಿದರು. ವಾಂತಿ, ಭೇದಿ, ಆಸ್ಪತ್ರೆ. ಮಗು ಹುಷಾರಾಯಿತು. ನಮ್ಮ ವರ್ತನೆ ಮಾತ್ರ ಹೋಯಿತು. ಆ ಬೀದಿಗೆ ಬೀದಿಯೇ ನಮ್ಮ ಹಾಲು ನಿಲ್ಲಿಸಿತು. ಆಗ ನಾನು ಏಳನೇ ಕ್ಲಾಸು. ಮುಂದೆ ನಾನು ಡೇರಿ ಕಾಲೇಜಿಗೆ ಅರ್ಜಿ ಹಾಕಿದ್ದು ಆ ಬೀದಿಯ ದೆಸೆಯಿಂದ.

ಕಿರ್ಸ್ಟನ್ ಮನೆಯ ಒಲೆ

ನಾನಿಳಿದುಕೊಂಡದ್ದು ಡೆನ್ಮಾರ್ಕಿನ ಒಂದು ಸಣ್ಣ ಊರಿನಲ್ಲಿ, ಕಿರ್ಸ್ಟನ್ ಎಂಬ ನಿವೃತ್ತ ಶಾಲಾ ಶಿಕ್ಷಕಿಯ ಮನೆಯ ಮಹಡಿಯ ಕೋಣೆಯಲ್ಲಿ. ಜೂನ್ ತಿಂಗಳು. ಊಟವಾಗಿ ಪಾತ್ರೆ ತೊಳೆದಿಟ್ಟ ಮೇಲೂ ಹೊರಗೆ ಬಿಸಿಲು. ಎರಡು ದಿನ ನನಗೆ ಯಾವಾಗ ನಿದ್ದೆ ಬರಬೇಕೆಂದೇ ತಿಳಿಯಲಿಲ್ಲ.

ಮೊದಲ ಬೆಳಿಗ್ಗೆ ಕಾಫಿಗೆಂದು ಕೆಳಗಿಳಿದೆ. ಊರಿಂದ ಕಾಫಿಪುಡಿ, ಫಿಲ್ಟರು ಎರಡೂ ಹೊತ್ತು ತಂದಿದ್ದೆ. ಮೇಜಿನ ಮೇಲೆ ಹಾಲಿನ ಡಬ್ಬಿ. ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟು ನಿಂತೆ. ಉಕ್ಕಿ ಬಂತು, ಗುಂಡಿ ತಿರುಗಿಸಿ ಆರಿಸಿದೆ. ನಮ್ಮ ಗ್ಯಾಸ್ ಒಲೆಯಾದರೆ ಆರಿಸಿದ ಕೂಡಲೇ ಹಾಲು ಸುಮ್ಮನೆ ಕೆಳಗಿಳಿಯುತ್ತದೆ. ಇದು ಕರೆಂಟಿನ ಕಬ್ಬಿಣದ ಬಿಲ್ಲೆ. ಆರಿಸಿದರೂ ಅದರ ಕೋಪ ಆರಲಿಲ್ಲ. ಹಾಲು ಉಕ್ಕಿ, ಒಲೆ ತುಂಬಿ, ಕೆಳಗಿನ ಡ್ರಾಯರಿನ ಚಮಚಗಳ ಮೇಲೆಲ್ಲ ಹರಿಯಿತು. ಹೊಗೆ ಎದ್ದಿತು. ಚಾವಣಿಯಲ್ಲಿದ್ದ ಪುಟ್ಟ ಯಂತ್ರವೊಂದು ಕಿವಿ ಹರಿಯುವಂತೆ ಕಿರುಚತೊಡಗಿತು.

ಕಿರ್ಸ್ಟನ್ ನೈಟಿಯಲ್ಲೇ ಓಡಿ ಬಂದರು. ಕುರ್ಚಿ ಹತ್ತಿ ಆ ಯಂತ್ರಕ್ಕೆ ಟವೆಲಿನಿಂದ ಗಾಳಿ ಬೀಸಿದರು. ಅದು ಬಾಯಿ ಮುಚ್ಚಿದ ಮೇಲೆ ಕುರ್ಚಿಯ ಮೇಲೆ ನಿಂತೇ ಕೇಳಿದರು.

"ಹಾಲನ್ನ ಯಾಕೆ ಬೇಯಿಸ್ತಾ ಇದೀಯ? ಅದು ಡೇರಿಯಲ್ಲೇ ಬಿಸಿಯಾಗಿ ಬಂದಿರೋ ಹಾಲು."

"ಗೊತ್ತು."

"ಗೊತ್ತಿದ್ದೂ?"

ಕುರ್ಚಿಯಿಂದ ಇಳಿಯುತ್ತ ಅವರು, "ಅಂದ ಹಾಗೆ, ನೀನು ಇಲ್ಲಿ ಏನು ಕಲಿಯೋಕೆ ಬಂದಿರೋದು?" ಎಂದರು.

"ಇದನ್ನೇ," ಎಂದೆ.

ಅವರು ಅದೇ ಕುರ್ಚಿಯ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ಅವಮಾನವಾಯಿತು, ನಗುವೂ ಬಂತು. ಇಬ್ಬರೂ ಸೇರಿ ಚಮಚಗಳನ್ನು ತೊಳೆದೆವು.

ಆ ಮನೆಯಲ್ಲಿ ಊಟ ಮುಗಿಸಿ ಏಳುವ ಮೊದಲು ಅಡುಗೆ ಮಾಡಿದವರಿಗೆ ಥ್ಯಾಂಕ್ಸ್ ಹೇಳುವುದು ಪದ್ಧತಿ. ಅವರ ಮಗ ಬಂದಾಗಲೂ ಹೇಳಿದ, ಸೊಸೆಯೂ ಹೇಳಿದಳು. ಇಪ್ಪತ್ತೈದು ವರ್ಷ ಉಂಡ ಮೇಲೆ ನಾನು ಅವ್ವನಿಗೆ ಹೇಳಿದ್ದು "ಉಪ್ಪು ಜಾಸ್ತಿ", "ಉಪ್ಪು ಕಮ್ಮಿ" ಎರಡೇ.

ಇನ್ನೊಂದು ನೋಡಿ ಗಾಬರಿಯಾಯಿತು. ಕಾಫಿ ಅಂಗಡಿಯ ಹೊರಗೆ, ಫುಟ್‌ಪಾತಿನಲ್ಲಿ, ತಳ್ಳುಗಾಡಿಯೊಳಗೆ ಒಂದು ಕೂಸು ನಿದ್ದೆ ಮಾಡುತ್ತಿತ್ತು. ಪಕ್ಕದಲ್ಲಿ ಯಾರೂ ಇಲ್ಲ. ನಾನು ಅಲ್ಲೇ ಕಾವಲು ನಿಂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ತಾಯಿ ಬಂದು, ಏನಾದರೂ ಬೇಕೇ ಎಂದು ನನ್ನನ್ನೇ ಅನುಮಾನದಿಂದ ವಿಚಾರಿಸಿದಳು. ಹೊರಗಿನ ಗಾಳಿಯಲ್ಲಿ ಮಲಗಿದರೆ ಮಗುವಿಗೆ ಒಳ್ಳೆಯದಂತೆ. ನಮ್ಮ ಅತ್ತಿಗುಪ್ಪೆ ಬಸ್ ಸ್ಟಾಪಿನಲ್ಲಿ ಹೀಗೊಂದು ಕೂಸನ್ನು ಬಿಟ್ಟಿದ್ದರೆ ಎರಡು ನಿಮಿಷದಲ್ಲಿ ಬೀದಿಯೇ ಸೇರಿ, ತಾಯಿಗೆ ಉಗಿದು, ಮಗುವಿಗೆ ಬಾಳೆಹಣ್ಣನ್ನೂ ತಿನ್ನಿಸಿರುತ್ತಿತ್ತು. ಇವರಿಗೆ ಎಲ್ಲದರ ಮೇಲೂ ನಂಬಿಕೆ. ಬೀದಿಯ ಮೇಲೆ, ಅಪರಿಚಿತರ ಮೇಲೆ, ಡಬ್ಬಿಯ ಹಾಲಿನ ಮೇಲೆ. ಅದು ನನಗೆ ಚೆನ್ನಾಗಿಯೂ ಕಂಡಿತು, ಭಯವೂ ಆಯಿತು.

ಹೆನ್ರಿಕ್

ತರಬೇತಿ ಶಾಲೆಗೆ ಅಂಟಿಕೊಂಡೇ ಒಂದು ಸಣ್ಣ ಡೇರಿ, ಅದರ ಪಕ್ಕ ಚೀಸ್ ಮಾಡುವ ಕೋಣೆ. ನಾವು ಐದು ಜನ ಕಲಿಯುವವರು. ನನ್ನ ಪಕ್ಕದವಳು ಕೀನ್ಯಾದ ವಾಂಜಿರು, ಬಾಯಿ ತುಂಬ ಮಾತು. ಕಲಿಸುವವರು ಹೆನ್ರಿಕ್, ಆರಡಿ ಮೀರಿದ ಆಳು, ದಿನಕ್ಕೆ ಲೆಕ್ಕ ಹಾಕಿದಷ್ಟೇ ಮಾತು. ಸಾರ್ ಎಂದರೆ ಅವರಿಗೆ ಆಗದು. "ಹೆನ್ರಿಕ್ ಅನ್ನು" ಎಂದು ಮೂರು ಸಲ ಹೇಳಿದರು. ಅಪ್ಪನ ವಯಸ್ಸಿನವರನ್ನು ಹೆಸರು ಹಿಡಿದು ಕೂಗಲು ನನ್ನ ನಾಲಿಗೆ ಏಳಲಿಲ್ಲ. ಕೊನೆಗೆ "ಹೆನ್ರಿಕ್ ಸಾರ್" ಎಂಬಲ್ಲಿ ರಾಜಿಯಾದೆವು. ಎರಡನೇ ವಾರಕ್ಕೆ ವಾಂಜಿರುವೂ ಹಾಗೆಯೇ ಕರೆಯುತ್ತಿದ್ದಳು.

ಯಂತ್ರವನ್ನು ಸರಳವಾಗಿ ಹೇಳುತ್ತೇನೆ. ಒಂದು ತೊಟ್ಟಿಯಿಂದ ಹಸಿ ಹಾಲು ಹೊರಡುತ್ತದೆ. ಸ್ಟೀಲಿನ ತೆಳು ತಗಡುಗಳ ನಡುವೆ ಹಾಯ್ದು ಬಿಸಿಯಾಗುತ್ತದೆ. ಆಮೇಲೆ ಉದ್ದನೆಯ ಅಂಕುಡೊಂಕು ಪೈಪು, ಅದನ್ನು ದಾಟಲು ಹದಿನೈದು ಸೆಕೆಂಡು. ಆ ಪೈಪಿನ ತುದಿಯಲ್ಲಿ ಒಂದು ಕವಾಟ, ಅಂದರೆ ವಾಲ್ವು, ಕಾವಲು ನಿಂತಿರುತ್ತದೆ. ಹಾಲು ಎಪ್ಪತ್ತೆರಡಕ್ಕಿಂತ ಕೂದಲೆಳೆ ಕಡಿಮೆಯಿದ್ದರೂ ಮುಂದಕ್ಕೆ ಬಿಡದೆ ಮೊದಲಿನ ತೊಟ್ಟಿಗೇ ವಾಪಸು ಕಳಿಸುತ್ತದೆ. ಇಷ್ಟನ್ನೂ ಒಂದು ಪೆನ್ನು ದುಂಡನೆಯ ಕಾಗದದ ಮೇಲೆ ಗೆರೆಯಾಗಿ ಬರೆಯುತ್ತಿರುತ್ತದೆ. ಆ ಕಾಗದಕ್ಕೆ ಯಾರು ಸಹಿ ಹಾಕುತ್ತಾರೋ ಹಾಲಿಗೆ ಅವರೇ ಜವಾಬ್ದಾರರು.

ಅಲ್ಲೊಂದು ಪದ್ಧತಿಯಿತ್ತು. ಕೊನೆಯ ಪರೀಕ್ಷೆಯಲ್ಲಿ ಯಂತ್ರವನ್ನು ಒಬ್ಬರೇ ನಡೆಸಬೇಕು. ಆಮೇಲೆ ತಾನು ನಡೆಸಿದ ಹಾಲಿನ ಮೊದಲ ಲೋಟವನ್ನು ಎಲ್ಲರೆದುರು, ತಣ್ಣಗೆ, ತಾನೇ ಕುಡಿಯಬೇಕು. ನಮ್ಮ ಮನೆಗಳಲ್ಲಿ ಬಡಿಸಿದವರು ಕೊನೆಗೆ ಉಣ್ಣುತ್ತಾರೆ. ಇಲ್ಲಿ ಮಾಡಿದವರು ಮೊದಲು ಕುಡಿದು ತೋರಿಸಬೇಕು. ಹುಟ್ಟಿದಾಗಿನಿಂದ ಅವ್ವ ಕುದಿಸದ ಹಾಲನ್ನು ನಾನು ಬಾಯಿಗಿಟ್ಟವಳಲ್ಲ. ಕಿರ್ಸ್ಟನ್ ಮನೆಯಲ್ಲೂ ಅವರು ಎದ್ದೇಳುವ ಮೊದಲು, ಕಣ್ಣು ಮಿಟುಕಿಸದೆ ಕಾವಲಿದ್ದು, ಕದ್ದು ಕುದಿಸಿಕೊಳ್ಳುತ್ತಿದ್ದೆ.

ಎಂಬತ್ತೈದು

ಮೂರನೇ ವಾರದ ಸೋಮವಾರ ಪರೀಕ್ಷೆಗೆ ನನ್ನ ಸರದಿ. ಯಂತ್ರದ ಗುಂಡಿಗಳಿರುವ ಪ್ಯಾನೆಲಿನ ಮುಂದೆ ನಿಂತೆ. ಅವತ್ತಿನ ಹಾಲು ನೇರ ಚೀಸ್ ಕೋಣೆಗೆ ಹೋಗುವುದಿತ್ತು. ಹೆನ್ರಿಕ್ ಒಂದು ಡಿಗ್ರಿ ಹೆಚ್ಚಿಗೆ ಸೇರಿಸಿ ಎಪ್ಪತ್ತಮೂರಕ್ಕೆ ಇಟ್ಟು, "ನಡೆಸು" ಎಂದು ಕೋಣೆಯ ಇನ್ನೊಂದು ತುದಿಗೆ ಹೋದರು.

ಎಪ್ಪತ್ತಮೂರು. ಕುದಿಯುವುದಿಲ್ಲ, ಉಕ್ಕುವುದಿಲ್ಲ, ಹಬೆ ಕಾಣುವುದಿಲ್ಲ. ಪುಸ್ತಕದಲ್ಲಿ ನೂರು ಸಲ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಆದರೆ ಕೈ ಕೇಳಲಿಲ್ಲ. ಇನ್ನೊಂದು ಚೂರು ಕಾಯಲಿ, ಏನು ನಷ್ಟ ಎಂದಿತು. ಎಪ್ಪತ್ತೆಂಟು ಮಾಡಿದೆ. ಆಮೇಲೆ ಎಂಬತ್ತು. ಆಮೇಲೆ ಎಂಬತ್ತೈದು. ಆಗ ಮನಸ್ಸಿಗೆ ಸಮಾಧಾನವಾಯಿತು. ನಮ್ಮಲ್ಲಿ ಚೆನ್ನಾಗಿ ಕಾಯಿಸಿದ ಹಾಲಲ್ಲೇ ಅಲ್ಲವೆ ಗಟ್ಟಿ ಮೊಸರಾಗುವುದು? ಇವರ ಚೀಸೂ ಗಟ್ಟಿಯಾಗಲಿ ಎಂದು ಅವರಿಗೆ ಉಪಕಾರ ಮಾಡಿದೆ ಎಂದೇ ತಿಳಿದೆ.

ಮಧ್ಯಾಹ್ನ ಚೀಸ್ ಕೋಣೆಯಿಂದ ಕರೆ ಬಂತು. ದೊಡ್ಡ ತೊಟ್ಟಿಯ ತುಂಬ ಹಾಲು ಅರ್ಧ ಒಡೆದ ಹಾಗೆ, ಗಂಜಿಯ ಹಾಗೆ ಕೂತಿತ್ತು. ಹೆನ್ರಿಕ್ ಚಾಕು ಇಳಿಸಿ ಎತ್ತಿದರು. ಸೀಳಲಿಲ್ಲ, ಚಾಕುವಿಗೇ ಮೆತ್ತಿಕೊಂಡು ಬಂತು. ಮೊಸರಿಗೆ ಹೆಚ್ಚು ಕಾದರೆ ಗಟ್ಟಿ. ಚೀಸ್‌ಗೆ ಹೆಚ್ಚು ಕಾದರೆ ಅದು ಕೂಡುವುದೇ ಇಲ್ಲ. ಹಾಗೆಂದು ಪುಸ್ತಕದಲ್ಲಿತ್ತು. ಆ ಸಾಲಿನ ಕೆಳಗೆ ನಾನೇ ಗೆರೆ ಎಳೆದಿದ್ದೆ.

ಅವರು ದುಂಡನೆಯ ಕಾಗದವನ್ನು ನನ್ನ ಮುಂದೆ ಹಿಡಿದರು. ನನ್ನ ಗೆರೆ ಮೆಟ್ಟಿಲು ಹತ್ತಿದ ಹಾಗೆ ಮೇಲೆ ಹೋಗಿತ್ತು.

"ಯಂತ್ರ ಕೆಟ್ಟಿತ್ತಾ?"

"ಇಲ್ಲ ಹೆನ್ರಿಕ್ ಸಾರ್."

"ಥರ್ಮಾಮೀಟರ್ ಕೆಟ್ಟಿತ್ತಾ?"

"ಇಲ್ಲ."

"ಹಾಗಿದ್ರೆ ನಿನಗೆ ಹಾಲಿನ ಭಯ. ಭಯ ಇರೋರು ಈ ಪ್ಯಾನೆಲಿನ ಮುಂದೆ ನಿಲ್ಲಬಾರದು. ನಿನ್ನ ಪರೀಕ್ಷೆ ಮುಗೀತು, ಲೋಟದ ಹಾಲು ಕುಡಿಯೋದೇನೂ ಬೇಡ."

ಇಂಗ್ಲಿಷಿನಲ್ಲಿ ಬೈದದ್ದು ಆ ಕ್ಷಣವೇ, ಪೂರ್ತಿಯಾಗಿ ಅರ್ಥವಾಯಿತು. ಮಾವ ಅಷ್ಟರಮಟ್ಟಿಗೆ ಸೋತಿದ್ದ.

ಫೋನು

ಸಂಜೆ ಮಾವನ ಮೊಬೈಲಿಗೆ ಫೋನು ಮಾಡಿದೆ. ಅವ್ವ ತೆಗೆದುಕೊಂಡಳು. ನಡೆದದ್ದನ್ನು ಹೇಳಿದೆ. ಹಿಂದಿನಿಂದ ಮಾವನ ದನಿ: "ಫೇಲಾ? ಕೇಳಕ್ಕಾ, ಫೇಲಾ ಅಂತ ಕೇಳು!"

"ಇನ್ನೂ ಇಲ್ಲ ಅಂತ ಹೇಳವ್ವ."

"ಇನ್ನೂ ಇಲ್ವಂತೆ," ಎಂದು ಅವ್ವ ಅವನಿಗೆ ಒಪ್ಪಿಸಿದಳು.

"ಅವ್ವಾ, ಆ ಬೀದಿಯೋರು ಹಾಲು ನಿಲ್ಸಿದ್ರಲ್ಲ, ಆಗ ನೀನೇನ್ ಮಾಡ್ದೆ?"

"ಯಾವ್ ಬೀದಿ? ಓ, ಅದಾ. ಏನ್ ಮಾಡ್ತಾರೆ? ಹಸು ಮಾರನೇ ದಿನಾನೂ ಹಾಲು ಕೊಡ್ತದಲ್ಲ. ಕ್ಯಾನು ಎತ್ಕೊಂಡು ಪಕ್ಕದ್ ಬೀದಿಗೆ ಹೋದೆ." ಆಮೇಲೆ ಕೇಳಿದಳು, "ಅಲ್ಲಿ ಪಕ್ಕದ್ ಬೀದಿ ಇಲ್ವೇನೇ?"

ಮರುದಿನ ಬೆಳಿಗ್ಗೆ ಹೆನ್ರಿಕ್ ಸೈಕಲ್ ನಿಲ್ಲಿಸುವ ಮೊದಲೇ ನಾನು ಬಾಗಿಲಲ್ಲಿದ್ದೆ.

"ನನಗೆ ಇನ್ನೊಂದು ಸಲ ಬೇಕು."

"ಎರಡನೇ ಸಲ ಅನ್ನೋದು ಇಲ್ಲಿಲ್ಲ."

"ಕಾಲೇಜಿನಲ್ಲಿ ಡ್ರಾಯಿಂಗ್ ಪರೀಕ್ಷೆಯನ್ನ ಮೂರು ಸಲ ಬರೆದಿದ್ದೀನಿ ಸಾರ್. ನನಗೆ ಎರಡನೇ ಸಲದ್ದು ಅಭ್ಯಾಸ ಇದೆ." ಆಮೇಲೆ ಹಸಿ ಹಾಲು ಕುಡಿದ ಆ ಬೀದಿಯ ಮಗುವಿನ ಕಥೆ ಹೇಳಿದೆ. ಸಮರ್ಥನೆಗಲ್ಲ, ಭಯ ಎಲ್ಲಿಂದ ಬಂತೆಂದು ಅವರಿಗೆ ಗೊತ್ತಿರಲಿ ಎಂದು. ಅವರು ಸೈಕಲ್ಲಿನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತ ಪೂರ್ತಿ ಕೇಳಿದರು.

"ಶುಕ್ರವಾರ ಬೆಳಿಗ್ಗೆ ಆರು ಗಂಟೆ. ಅಲ್ಲಿವರೆಗೆ ಪ್ಯಾನೆಲ್ ಮುಟ್ಟಬೇಡ. ತಗಡು ತೊಳಿ."

ತೊಳೆದೆ. ನನ್ನ ಹಾಲು ಹತ್ತಿಕೊಂಡಿದ್ದ ತಗಡುಗಳನ್ನೇ ಬಿಚ್ಚಿಸಿಕೊಂಡು ಒಂದೊಂದಾಗಿ ಉಜ್ಜಿದೆ. ನಮ್ಮನೆಯಲ್ಲಿ ತಳ ಹತ್ತಿದ ಪಾತ್ರೆ ತೊಳೆದ ಕೈಗೆ ಅದೇನು ಹೊಸದಲ್ಲ. ಮಧ್ಯಾಹ್ನ ಲ್ಯಾಬಿನಲ್ಲಿ ನನಗೆ ಗೊತ್ತಿದ್ದ ಕೆಲಸವನ್ನೇ ಹಿಡಿದೆ. ಹಸಿ ಹಾಲಿನಲ್ಲಿ ಸಹಜವಾಗಿಯೇ ಇರುವ ಒಂದು ಕಿಣ್ವ, ಹಾಲು ಸರಿಯಾಗಿ ಕಾದರೆ ನಾಶವಾಗುತ್ತದೆ. ಮದ್ದು ಬೆರೆಸಿಟ್ಟರೆ ಹಸಿ ಹಾಲು ಹಳದಿಯಾಗುತ್ತದೆ, ಕಾದ ಹಾಲು ಬೆಳ್ಳಗೇ ಉಳಿಯುತ್ತದೆ. ಉಳಿದವರು ನಡೆಸಿದ ಎಪ್ಪತ್ತಮೂರರ ಹಾಲನ್ನು ಮೂರು ದಿನವೂ ಪರೀಕ್ಷಿಸಿದೆ. ಪ್ರತಿ ನಳಿಕೆಯೂ ಬಿಳಿ.

"ಎಷ್ಟು ಸಲ ನೋಡ್ತೀಯೇ?" ಎಂದಳು ವಾಂಜಿರು.

"ಕೈ ನಂಬೋವರೆಗೂ."

"ನಿನ್ನ ಕೈಯನ್ನ ನಿನಗಿಂತ ಜಾಸ್ತಿ ಓದಿಸಬೇಕಾಯ್ತಲ್ಲ!"

ಶುಕ್ರವಾರ

ಮತ್ತೆ ಚೀಸ್‌ಗೆ ಹೋಗುವ ಹಾಲೇ. ಹೆನ್ರಿಕ್ ಬೇಕೆಂದೇ ಹಾಗೆ ಮಾಡಿದ್ದರು. ಎಪ್ಪತ್ತಮೂರಕ್ಕೆ ನಾನೇ ಇಟ್ಟೆ. ಪೆನ್ನು ಗೆರೆ ಎಳೆಯತೊಡಗಿತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ.

ಅರ್ಧ ಗಂಟೆಯಾಗಿರಬೇಕು. ಯಂತ್ರಕ್ಕೆ ಬಿಸಿ ಕೊಡುವ ಹಬೆಯ ಒತ್ತಡ ಎಲ್ಲೋ ಇಳಿಯಿತು. ಎಪ್ಪತ್ತೆರಡೂವರೆ. ಎಪ್ಪತ್ತೆರಡು. ಇನ್ನೊಂದು ಕೂದಲೆಳೆ ಇಳಿದದ್ದೇ ಧಡ್ ಎಂದು ಕವಾಟ ತಿರುಗಿತು, ಹಾಲು ವಾಪಸು ತೊಟ್ಟಿಗೆ ಹರಿಯಿತು. ನನ್ನ ಬಲಗೈ ಬೆನ್ನ ಹಿಂದಿನಿಂದ ಬಿಡಿಸಿಕೊಂಡು ಗುಂಡಿಯವರೆಗೂ ಹೋಗಿತ್ತು. ತೊಂಬತ್ತಕ್ಕೆ ತಿರುಗಿಸಿಬಿಡು ಎನ್ನುತ್ತಿತ್ತು. ಹೆನ್ರಿಕ್ ದೂರದಿಂದ ನೋಡುತ್ತಿದ್ದರು, ಹತ್ತಿರ ಬರಲಿಲ್ಲ.

ಕವಾಟ ತನ್ನ ಕೆಲಸ ಮಾಡಿದೆ ಎಂದು ನನಗೆ ನಾನೇ ಗಟ್ಟಿಯಾಗಿ, ಕನ್ನಡದಲ್ಲಿ ಹೇಳಿಕೊಂಡೆ. ಒಂದು ಹನಿಯೂ ಆಚೆ ಹೋಗಿಲ್ಲ. ಅದು ಬಾಗಿಲಲ್ಲಿ ನಿಂತಿದೆ. ಗುಂಡಿ ಬಿಟ್ಟು ಹಬೆಯ ಪೈಪಿನ ಹತ್ತಿರ ಹೋದೆ. ಪಕ್ಕದ ಕೋಣೆಯಲ್ಲಿ ತೊಳೆಯುವವರು ಹಬೆಯನ್ನೆಲ್ಲ ಎಳೆದುಕೊಂಡಿದ್ದರು. ಕೂಗಿ ನಿಲ್ಲಿಸಲು ಹೇಳಿದೆ. ಕಾದೆ. ಎಪ್ಪತ್ತೊಂದೂವರೆ, ಎಪ್ಪತ್ತೆರಡು, ಎಪ್ಪತ್ತೆರಡೂವರೆ. ಕವಾಟ ಮತ್ತೆ ಧಡ್ ಎಂದು ಮುಂದಕ್ಕೆ ತಿರುಗಿತು. ಅಲ್ಲಿಂದ ಕೊನೆಯವರೆಗೆ ಗೆರೆ ಅಲ್ಲಾಡಲಿಲ್ಲ.

ಲೋಟ ತುಂಬಿಸಿ ಕೊಟ್ಟವಳು ವಾಂಜಿರು. ಐಸಿನಂತೆ ತಣ್ಣಗಿತ್ತು. ಎಲ್ಲರೂ ನೋಡುತ್ತಿದ್ದರು. ಒಂದೇ ಉಸಿರಿಗೆ ಕುಡಿದೆ. ಹುಲ್ಲಿನ ವಾಸನೆ, ತೆಳುವಾದ ಸಿಹಿ. ಕೊಟ್ಟಿಗೆಯಲ್ಲಿ ಕರೆದಾಗ ಮೂಗಿಗೆ ಬರುತ್ತದಲ್ಲ, ಆ ಘಮವನ್ನು ನಾನು ಮೊದಲ ಸಲ ನಾಲಿಗೆಯ ಮೇಲೆ ಕಂಡೆ. ಇಷ್ಟು ವರ್ಷ ಕುದಿಸಿ ಕುದಿಸಿ ನಾವು ಅದನ್ನು ಓಡಿಸುತ್ತಿದ್ದೆವು.

ಚೀಸ್ ತೊಟ್ಟಿಯ ಬಳಿ ಹೆನ್ರಿಕ್ ಚಾಕು ಇಳಿಸಿ ಎತ್ತಿದರು. ಗಡ್ಡೆ ನೀಟಾಗಿ ಸೀಳಿಕೊಂಡಿತು. ಅವರು ತಲೆಯಾಡಿಸಿ, ದುಂಡನೆಯ ಕಾಗದ ತಂದು, "ಸಹಿ ಹಾಕು" ಎಂದರು.

ನಮ್ಮಲ್ಲಾದರೆ ಮೈಕು, ಶಾಲು, ಹಾರ, ಮೂವರ ಭಾಷಣ. ಅಲ್ಲಿ ಅವರು ಬಾಗಿಲ ಹತ್ತಿರ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಸರ್ಟಿಫಿಕೇಟು ಕೊಟ್ಟರು. "ಭಯ ಹೋಯ್ತಾ?" ಎಂದು ಕೇಳಿದರು.

"ಇಲ್ಲ ಸಾರ್. ಆದ್ರೆ ಎಪ್ಪತ್ತಮೂರಲ್ಲೇ ಇರುತ್ತೆ."

ಆರಡಿ ಮನುಷ್ಯ ನಕ್ಕದ್ದನ್ನು ಮೂರು ವಾರದಲ್ಲಿ ಅವತ್ತೇ ನೋಡಿದ್ದು.

ಮತ್ತೆ ಮೂಡಲಪಾಳ್ಯ

ಮನೆಗೆ ಬಂದು ಊಟ ಮಾಡಿ ಎದ್ದವಳು, "ಊಟ ಚೆನ್ನಾಗಿತ್ತು, ಥ್ಯಾಂಕ್ಸ್ ಅವ್ವ" ಎಂದೆ. ಅವ್ವ ಹಣೆ ಮುಟ್ಟಿ ನೋಡಿದಳು. "ಜ್ವರ ಏನಿಲ್ಲ," ಎಂದಳು ಮಾವನಿಗೆ.

ಸರ್ಟಿಫಿಕೇಟನ್ನು ಅವಳ ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಎರಡೂ ಅಂಚು ಹಿಡಿದಳು. ಮಾವ ಅವಳ ಭುಜದ ಮೇಲಿಂದ ಬಗ್ಗಿ ನೋಡಿದ. ಅವನಿಗೆ ಇಂಗ್ಲಿಷ್ ಅಕ್ಷರ ಕೂಡಿಸಲು ಬರುತ್ತದೆ.

"ಇದ್ರಲ್ಲಿ ನಿಮ್ಮಪ್ಪನ ಹೆಸ್ರೆಲ್ಲೇ? ನಮ್ಮೋರು ಕೊಡೋದ್ರಲ್ಲಿ ಇಂಥವರ ಮಗಳು ಅಂತ ಇರ್ತದೆ."

"ಅಲ್ಲಿ ಅದನ್ನ ಹಾಕಲ್ಲ ಮಾವ. ಯಂತ್ರ ನಡೆಸಿದೋರ ಹೆಸ್ರು ಮಾತ್ರ."

ಅವನು ನನ್ನ ಹೆಸರನ್ನು ಬೆರಳಿಟ್ಟು ಇನ್ನೊಂದು ಸಲ ಕೂಡಿಸಿ ಓದಿದ. ಏನೂ ಹೇಳದೆ ಕೊಟ್ಟಿಗೆಗೆ ಹೋದ. ಅವನು ಏನೂ ಹೇಳದೆ ಹೋದದ್ದು ನನಗೆ ನೆನಪಿದ್ದ ಮಟ್ಟಿಗೆ ಅದೇ ಮೊದಲು.

ಹೊಸ ಯಂತ್ರ ಬಂದ ಮೇಲೆ ನಮ್ಮ ಹಸುಗಳ ಹಾಲನ್ನೂ ಡೇರಿಗೇ ಹಾಕೋಣ, ಪ್ರತಿದಿನದ ಕಾಗದಕ್ಕೆ ನನ್ನ ಸಹಿ ಇರುತ್ತದೆ, ಆ ಹಾಲು ವಿಜಯನಗರಕ್ಕೂ ಹೋಗುತ್ತದೆ, ಆ ಬೀದಿಗೂ ಹೋಗುತ್ತದೆ ಎಂದು ಅವ್ವನಿಗೆ ಹೇಳಿದೆ. ಅವಳು ಸರ್ಟಿಫಿಕೇಟನ್ನು ಹಾಗೇ ಹಿಡಿದುಕೊಂಡು ಹೇಳಿದಳು:

"ಹಂಗಾದ್ರೆ ಇನ್ಮೇಲೆ ನಾನು ಯಾರ್ ಬಾಗ್ಲಲ್ಲೂ ನಿಂತ್ಕೊಂಡು ಕಾಯ್ಸಿ ಕುಡೀರಿ ಅನ್ಬೇಕಾಗಿಲ್ಲ ಅನ್ನು."